ಡಬ್ಬದ ಮೇಲಿನ ಹೆಸರು

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಟೀಚರುಗಳಿಗೆ ಬಹಳ ಕಷ್ಟ. ಕರಿಹಲಗೆಯ ಮೇಲೆ ತಪ್ಪು ಬರೆದರೆ ಒರೆಸಬಹುದು; ಬಾಯಿಂದ ಬಿದ್ದದ್ದನ್ನು ಒರೆಸುವ ಡಸ್ಟರನ್ನು ಯಾವ ಇಲಾಖೆಯೂ ಸರಬರಾಜು ಮಾಡಿಲ್ಲ. ಆದರೂ ಒಂದು ದೀಪಾವಳಿಯ ರಾತ್ರಿ ನನ್ನ ಮಗಳಿಗೆ ನಾನು ಆಡಿದ ಒಂದು ಮಾತನ್ನು ನಾಲ್ಕು ಜನರ ಎದುರಿಗೆ ವಾಪಸು ತೆಗೆದುಕೊಳ್ಳಬೇಕು ಎಂದೇ ಇದನ್ನು ಬರೆಯಲು ಕೂತಿದ್ದೇನೆ. ಹಾಗೆ ತೆಗೆದುಕೊಳ್ಳುವಾಗ ಇನ್ನು ಕೆಲವರ ಕಿವಿಯನ್ನೂ ಹಿಂಡುವ ಉದ್ದೇಶ ನನಗಿದೆ. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳು, ದೊಡ್ಡವರ ಕಿವಿ ಹಿಂಡಬಾರದೆಂದು ಎಲ್ಲೂ ಬರೆದಿಲ್ಲ.

ಅಂದು ನೀರು ತುಂಬುವ ಹಬ್ಬ. ಹಂಡೆಗೆ ನೀರು ತುಂಬಿ, ಸುಣ್ಣ ಕೆಮ್ಮಣ್ಣು ಬಳಿದು, ಎಲ್ಲರೂ ಮಲಗುವ ಹೊತ್ತಾಗಿತ್ತು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ರಜೆ ಹಾಕಿ ಬಂದಿದ್ದಳು. ರಾತ್ರಿ ಹನ್ನೊಂದೂವರೆಗೆ ಎದ್ದು ನೋಡಿದರೆ ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಬೆಳಕು. ಅದರ ಎದುರು ಕೂತ ಹುಡುಗಿಯ ಕಣ್ಣು ಕೆಂಪಗಿತ್ತು.

‘ಹಬ್ಬದ ದಿನಾನೂ ಆಫೀಸಾ ಪುಟ್ಟಿ?’ ಅಂದೆ.

‘ಆಫೀಸಲ್ಲಮ್ಮ. ನಾನು ನೋಡ್ಕೊಳ್ಳೋ ಪ್ಯಾಕೇಜು. ಹೊಸ ಆವೃತ್ತಿ ಬಿಟ್ಟಿದ್ದೆ, ಯಾರದೋ ಕಂಪನಿ ಕೆಲಸ ನಿಂತುಹೋಯ್ತಂತೆ. ಬೈದು ಬರೆದಿದಾರೆ.’

‘ಯಾರವರು?’

‘ಗೊತ್ತಿಲ್ಲ.’

‘ಗೊತ್ತಿಲ್ಲದೋರು ನಿನ್ನನ್ನ ಬೈಯೋದು ಯಾಕೆ? ಅವರೇನು ಸಂಬಳ ಕೊಡ್ತಾರಾ?’

‘ಇಲ್ಲಮ್ಮ, ಇದಕ್ಕೆ ಯಾರೂ ಸಂಬಳ ಕೊಡಲ್ಲ.’

ಆಗ ನಾನು ಆ ಮಾತು ಆಡಿದೆ. ‘ಕಾಸು ಕೊಡದ ಕೆಲಸಕ್ಕೆ ನಿದ್ದೆ ಬೇರೆ ಕೆಡಿಸ್ಕೊತೀಯಾ? ಬಿಟ್ಟು ಬಿಸಾಕು. ನೀನು ಬಿಟ್ರೆ ಲೋಕ ಮುಳುಗಿ ಹೋಗಲ್ಲ.’

ಅವಳು ವಾದ ಮಾಡಲಿಲ್ಲ. ‘ಮುಳುಗುತ್ತೋ ಇಲ್ವೋ ಅಂತ ನೋಡೋದಕ್ಕೂ ಒಂದು ಸಾಧನ ಇದೆ, ನಾಳೆ ತೋರಿಸ್ತೀನಿ’ ಅಂದು ದೀಪ ಆರಿಸಿದಳು.

ಈ ಬರಹ ಓದುತ್ತಿರುವ ಸೋದರಿಯರಲ್ಲಿ ಹಲವರು ನನ್ನ ಹಾಗೆಯೇ ಗಣಕವೆಂದರೆ ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡುವ ಪೆಟ್ಟಿಗೆ ಎಂದುಕೊಂಡವರಿರಬಹುದು. ಅದಕ್ಕೇ ಮೊದಲು ಸ್ವಲ್ಪ ಪಾಠ ಮಾಡಿಬಿಡುತ್ತೇನೆ. ಗಣಕವನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ಲಿನಕ್ಸ್ ಎಂಬುದೊಂದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಶುರುಮಾಡಿದ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಲಿನಕ್ಸನ್ನೂ ಅದರ ಜೊತೆ ಬೇಕಾಗುವ ಸಾವಿರಾರು ತಂತ್ರಾಂಶಗಳನ್ನೂ ಒಟ್ಟುಮಾಡಿ, ಒಂದಕ್ಕೊಂದು ಹೊಂದಿಸಿ ಜನರ ಕೈಗೆ ಕೊಡುವ ಸಂಘಟನೆಗಳು ಕೆಲವಿವೆ. ಅವುಗಳಲ್ಲಿ ಹಳೆಯದೊಂದು ಡೆಬಿಯನ್. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಅದನ್ನು ಆರಂಭಿಸಿದಾಗ, ತನ್ನ ಗೆಳತಿ ಡೆಬ್ರಾಳ ಹೆಸರನ್ನು ಮುಂದಿಟ್ಟು ತನ್ನದನ್ನು ಹಿಂದೆ ಸೇರಿಸಿ ಹೆಸರು ಕಟ್ಟಿದನಂತೆ. ಹೆಂಗಸಿನ ಹೆಸರು ಮೊದಲು ಬಂದದ್ದು ಓದಿ ನನಗೆ ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ.

ಡೆಬಿಯನ್ ಒಂದು ಕಂಪನಿಯಲ್ಲ. ಲೋಕದ ನಾನಾ ಕಡೆಯ ಸ್ವಯಂಸೇವಕರು ನಡೆಸುವ ಕೂಟ. 2025ರ ಆಗಸ್ಟಿನಲ್ಲಿ ಅದರ 13ನೆಯ ಆವೃತ್ತಿ ಹೊರಬಂತು. ಅದರಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಪ್ಯಾಕೇಜು ಅಂದರೆ, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮುಚ್ಚಳ ಹಾಕಿ ಚೀಟಿ ಅಂಟಿಸಿದ ಒಂದು ಡಬ್ಬ. ಒಳಗೆ ತಂತ್ರಾಂಶ, ಹೊರಗೆ ಚೀಟಿ. ಮಗಳು ಮಾರನೆಯ ದಿನ ನನಗೆ ತೋರಿಸಿದ್ದು ಈ ಚೀಟಿಯನ್ನು.

ಚೀಟಿಯಲ್ಲಿ ಏನೇನು ಬರೆದಿರುತ್ತದೆ? ಡಬ್ಬದ ಹೆಸರು, ಆವೃತ್ತಿ. ಆಮೇಲೆ ‘ಡಿಪೆಂಡ್ಸ್’ ಎಂಬ ಸಾಲು: ಇದು ನಡೆಯಬೇಕಾದರೆ ಇಂಥಿಂಥ ಡಬ್ಬಗಳು ಇರಲೇಬೇಕು. ಸಾರಿಗೆ ಬೇಳೆ ಇದ್ದ ಹಾಗೆ. ‘ರೆಕಮೆಂಡ್ಸ್’ ಎಂಬ ಸಾಲು: ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಊಟ ನಿಲ್ಲದು. ಅದು ಒಗ್ಗರಣೆ. ‘ಸಜೆಸ್ಟ್ಸ್’: ಹಪ್ಪಳ, ಬಯಸಿದವರಿಗೆ. ‘ಕಾನ್‌ಫ್ಲಿಕ್ಟ್ಸ್’: ಹಾಲಿಗೆ ಹುಳಿ ಕೂಡದ ಹಾಗೆ, ಇವೆರಡು ಒಂದೇ ಯಂತ್ರದಲ್ಲಿ ಕೂಡವು. ‘ಬಿಲ್ಡ್ ಡಿಪೆಂಡ್ಸ್’ ಎಂದು ಇನ್ನೊಂದಿದೆ, ಅದು ಒರಳುಕಲ್ಲು: ಮಾಡುವಾಗ ಬೇಕು, ಉಣ್ಣುವಾಗ ಬೇಡ.

ಒಂದು ಡಬ್ಬಕ್ಕೆ ಹತ್ತು ಬೇಕು, ಆ ಹತ್ತಕ್ಕೆ ಒಂದೊಂದಕ್ಕೂ ಇನ್ನಷ್ಟು ಬೇಕು. ಕೈಯಲ್ಲಿ ಲೆಕ್ಕ ಇಡಲು ಸಾಧ್ಯವಿಲ್ಲ. ಅದಕ್ಕೇ ಈ ಎಳೆಗಳನ್ನು ಹಿಡಿದು ನೋಡುವ ಸಾಧನಗಳನ್ನು ಮಾಡಿಕೊಂಡಿದ್ದಾರೆ. ಆಪ್ಟ್ ಎಂಬುದು ಬೇಕಾದದ್ದನ್ನೆಲ್ಲ ತಾನೇ ಹುಡುಕಿ ತರುತ್ತದೆ. ಡೆಬ್‌ಟ್ರೀ ಎಂಬುದು ಯಾವುದು ಯಾವುದನ್ನು ಹಿಡಿದುಕೊಂಡಿದೆ ಎಂದು ವಂಶವೃಕ್ಷದಂತೆ ಚಿತ್ರ ಬರೆದು ಕೊಡುತ್ತದೆ. ಡೋಸ್ ಎಂಬ ಸಾಧನ, ಇಡೀ ಸಂಗ್ರಹದಲ್ಲಿ ಯಾವ ಡಬ್ಬವನ್ನು ಏನು ಮಾಡಿದರೂ ಹಾಕಲಾಗದು ಎಂದು ಲೆಕ್ಕ ಹಾಕಿ ಹೇಳುತ್ತದೆ. ಬ್ರಿಟ್ನಿ ಎಂಬ ಹೆಸರಿನದೊಂದು ಬಾಗಿಲು ಕಾಯುತ್ತದೆ. ಹೊಸ ಡಬ್ಬ ಒಳಗೆ ಬಂದರೆ ಹಳೆಯವು ಮುರಿಯುತ್ತವೆ ಎಂದು ಕಂಡರೆ ಒಳಗೆ ಬಿಡುವುದಿಲ್ಲ. ಸೊಸೆಯನ್ನು ಕಾಯುವ ಅತ್ತೆಯಂತಲ್ಲ, ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಹಾಲ್‌ಟಿಕೆಟ್ ನೋಡುವವರಂತೆ.

ಮಗಳಂಥವರಿಗೆ ಎಲ್ಲಕ್ಕಿಂತ ಬೇಕಾದದ್ದು ಹಿಮ್ಮುಖದ ಲೆಕ್ಕ. ನನಗೆ ಏನು ಬೇಕು ಎಂಬುದಲ್ಲ, ನಾನು ಯಾರಿಗೆಲ್ಲ ಬೇಕು ಎಂಬುದು. ಅದಕ್ಕೆ ‘ಆರ್‌ಡಿಪೆಂಡ್ಸ್’ ಎಂಬ ಆಜ್ಞೆ ಇದೆ. ತನ್ನ ಡಬ್ಬದ ಆಕಾರ ಬದಲಾಯಿಸುವ ಮೊದಲು ಅವಳು ಅದನ್ನು ಕೇಳಬೇಕು, ಬಂದ ಪಟ್ಟಿಯಲ್ಲಿನ ಒಂದೊಂದನ್ನೂ ಹೊಸದಾಗಿ ಕಟ್ಟಿಸಿ ನೋಡಬೇಕು, ಮುರಿದವರಿಗೆ ತಿಳಿಸಬೇಕು. ಹಬ್ಬದ ರಾತ್ರಿ ಅವಳು ಮಾಡುತ್ತಿದ್ದದ್ದು ಅದನ್ನೇ. ಆ ಆಜ್ಞೆಯನ್ನು ನನ್ನ ಎದುರಿಗೆ ಓಡಿಸಿದಳು. ಹೆಸರುಗಳು ಪರದೆಯ ಮೇಲೆ ಮೇಲಕ್ಕೆ ಹೋಗುತ್ತಲೇ ಇದ್ದವು. ‘ನಾನು ಬಿಟ್ರೆ ಏನಾಗುತ್ತೆ ಅಂದ್ಯಲ್ಲ ಅಮ್ಮ, ಇಷ್ಟು’ ಅಂದಳು.

ಸೋಜಿಗವೆಂದರೆ ಆ ಚೀಟಿಯಲ್ಲಿ ಇನ್ನೂ ಒಂದು ಸಾಲು ಇದೆ. ‘ಮೇಂಟೇನರ್’. ನೋಡಿಕೊಳ್ಳುವವರು. ಅಲ್ಲಿ ಒಬ್ಬ ಮನುಷ್ಯರ ಹೆಸರು ಇರುತ್ತದೆ, ಇಲ್ಲವೇ ಒಂದು ತಂಡದ ಹೆಸರು. ಒಂದು ಡಬ್ಬದ ಮೇಲೆ ನನ್ನ ಮಗಳ ಹೆಸರು ಇತ್ತು. ನನ್ನ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ.

*

ನಮ್ಮ ಶಾಲೆಯಲ್ಲಿ ಬಿಸಿಯೂಟದ ಲೆಕ್ಕ ಕೆಲವು ವರ್ಷ ನನ್ನ ಕೈಯಲ್ಲಿತ್ತು. ಅಕ್ಕಿ ಇಷ್ಟು ಬಂತು, ತೊಗರಿಬೇಳೆ ಇಷ್ಟು, ಎಣ್ಣೆ ಇಷ್ಟು, ಇಂದಿನ ಹಾಜರಾತಿ ಇಷ್ಟು, ತಲೆಗೆ 150 ಗ್ರಾಮಿನಂತೆ ಖರ್ಚಾದ ಅಕ್ಕಿ ಇಷ್ಟು, ಉಳಿಕೆ ಇಷ್ಟು. ಗ್ಯಾಸ್ ಸಿಲಿಂಡರಿಗೂ ಒಂದು ಕಾಲಂ. ತಪಾಸಣೆಗೆ ಬಂದವರು ಪುಸ್ತಕ ನೋಡಿ ‘ಅಚ್ಚುಕಟ್ಟು’ ಎಂದು ಷರಾ ಬರೆದು ಹೋಗಿದ್ದರು. ಒಂದು ದಿನ ಅಕ್ಕಿ ಇತ್ತು, ಬೇಳೆ ಇತ್ತು, ಸಿಲಿಂಡರು ತುಂಬಿತ್ತು, ಊಟ ಮಾತ್ರ ಇರಲಿಲ್ಲ. ಅಡುಗೆಯಮ್ಮ ಜ್ವರದಲ್ಲಿ ಮಲಗಿದ್ದಳು. ಹಿಂದಿನ ನಾಲ್ಕು ದಿನ ಜ್ವರದಲ್ಲಿಯೇ ಬಂದು ಬೇಯಿಸಿ ಹೋಗಿದ್ದಳಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅದಕ್ಕೆ ಕಾಲಂ ಇರಲಿಲ್ಲ. ವಾಪಸು ಬಂದ ದಿನ ನಾನು ಪುಸ್ತಕ ಹಿಡಿದು ನಿಂತಿದ್ದನ್ನು ನೋಡಿ ಅವಳು, ‘ಅಕ್ಕಿ ಲೆಕ್ಕ ಬರ್ಕಂಡ್ರಾ ಮೇಡಮ್ಮೋರೆ? ನನ್ ಲೆಕ್ಕ ಯಾವ ಪುಸ್ತಕದಾಗೈತೆ?’ ಎಂದು ನಕ್ಕಳು. ಅವಳಿಗೆ ಸರ್ಕಾರ ಕೊಡುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಗೌರವಧನ ಎನ್ನುತ್ತಾರೆ. ಗೌರವ ಎಂಬ ಪದ ಮುಂದೆ ಬಂದಾಗಲೆಲ್ಲ ಹಿಂದೆ ಬರುವ ಧನ ಸಣ್ಣದಾಗಿರುತ್ತದೆ ಎಂಬುದು ನನ್ನ ಅನುಭವ.

ನನ್ನ ಜಗಳ ಇಷ್ಟೇ. ಎಳೆಗಳನ್ನು ಎಣಿಸುವ ಸಾಧನಗಳು ಬೇಕು. ಅವಿಲ್ಲದೆ ಈ ಕೆಲಸವೇ ನಡೆಯದು. ಆದರೆ ಎಣಿಸಿಯಾಯಿತು, ಇನ್ನು ಭಯವಿಲ್ಲ ಎಂದು ಪುಸ್ತಕ ಮುಚ್ಚುವವರಿದ್ದಾರಲ್ಲ, ಅವರು ನನ್ನ ಬಿಸಿಯೂಟದ ಪುಸ್ತಕವನ್ನೇ ಇನ್ನೊಮ್ಮೆ ಬರೆಯುತ್ತಿದ್ದಾರೆ. ಡಬ್ಬ ಡಬ್ಬವನ್ನು ಹೇಗೆ ಹಿಡಿದಿದೆ ಎಂದು ನೋಡುತ್ತಾರೆ, ಡಬ್ಬವನ್ನು ಹಿಡಿದ ಕೈ ನಡುಗುತ್ತಿದೆಯೇ ಎಂದು ನೋಡುವುದಿಲ್ಲ.

ಇದು ತಾಯಿಯ ಕರುಳಿನ ಮಾತು ಎಂದು ಯಾರಾದರೂ ಮೂಗು ಮುರಿದಾರು. ಅವರಿಗಾಗಿ ಎರಡು ನಡೆದ ಸಂಗತಿ ಹೇಳುತ್ತೇನೆ.

ಮೊದಲನೆಯದು 2014ರದು. ಬ್ಯಾಂಕಿನ ವ್ಯವಹಾರ, ಅಂಚೆ, ಗುಟ್ಟಿನ ಪದ ಇವೆಲ್ಲ ಗಣಕಗಳ ನಡುವೆ ಓಡಾಡುವಾಗ ಬೇರೆಯವರು ಓದದ ಹಾಗೆ ಬೀಗ ಹಾಕುವ ತಂತ್ರಾಂಶ ಒಂದಿದೆ, ಓಪನ್‌ಎಸ್‌ಎಸ್‌ಎಲ್ ಎಂದು. ಆ ವರ್ಷದ ಏಪ್ರಿಲಿನಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಬಯಲಾಯಿತು. ಜಗತ್ತೇ ಗಾಬರಿಯಾಯಿತು. ಆಗ ಹೊರಗೆ ಬಂದ ಸತ್ಯವೇನು? ದೊಡ್ಡ ದೊಡ್ಡ ಕಂಪನಿಗಳೆಲ್ಲ ಬಳಸುತ್ತಿದ್ದ ಆ ಬೀಗವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2 ಸಾವಿರ ಡಾಲರು. ಬೀಗದ ಮೇಲೆ ಭರವಸೆ ಇಟ್ಟವರು ಕೋಟ್ಯಧಿಪತಿಗಳು, ಬೀಗ ಮಾಡುವವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಕೇಳಿದವರಿಲ್ಲ. ತೂತು ಬಯಲಾದ ಮೇಲೆ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಒಟ್ಟುಮಾಡಿದವು. ಒಳ್ಳೆಯದೇ. ಆದರೆ ಮನೆ ಹತ್ತಿದ ಮೇಲೆ ಬಾವಿ ತೋಡಲು ಚಂದಾ ಎತ್ತಿದ ಹಾಗೆ.

ಎರಡನೆಯದು ಇನ್ನೂ ಮೈ ನಡುಗಿಸುವಂಥದು. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಝೆಡ್ ಎಂಬ ಸಣ್ಣ ತಂತ್ರಾಂಶ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕಾಲಿನ್ ಎಂಬ ಒಬ್ಬರೇ, ಫಿನ್ಲೆಂಡಿನವರು. 2022ರಲ್ಲಿ, ಕೆಲಸ ನಿಧಾನವಾಗುತ್ತಿದೆ, ನಿಮ್ಮಿಂದ ಆಗದಿದ್ದರೆ ಬೇರೆಯವರಿಗೆ ಬಿಡಿ ಎಂದು ಅವರಿಗೆ ಒಂದರ ಮೇಲೊಂದು ಒತ್ತಡದ ಪತ್ರಗಳು ಬಂದವು. ತಮ್ಮ ಮನಸ್ಸಿನ ಆರೋಗ್ಯ ಬಹಳ ದಿನದಿಂದ ಸರಿಯಿಲ್ಲ, ಇದು ತಾವು ಸಂಬಳವಿಲ್ಲದೆ ಹವ್ಯಾಸಕ್ಕೆ ಮಾಡುವ ಕೆಲಸ ಎಂದು ಅವರು ಬಹಿರಂಗವಾಗಿಯೇ ಬರೆದುಕೊಂಡರು. ಅದೇ ಹೊತ್ತಿಗೆ ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ಒಬ್ಬರು ಸಹಾಯಕ್ಕೆ ನಿಂತಿದ್ದರು. ವಿನಯ, ಶ್ರದ್ಧೆ, ದಿನವೂ ಕೆಲಸ. ದಣಿದವನಿಗೆ ಹೆಗಲು ಕೊಡುವವರು ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ಕೀಲಿಕೈ ನಿಧಾನವಾಗಿ ಅವರ ಕೈ ಸೇರಿತು. 2024ರ ಫೆಬ್ರವರಿಯಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಅವರು ಕಳ್ಳಬಾಗಿಲು ಇಟ್ಟಿದ್ದರು.

ಇಲ್ಲಿ ಎಳೆ ಹೇಗೆ ಹೋಗುತ್ತದೆ ನೋಡಿ. ದೂರದ ಗಣಕದೊಳಕ್ಕೆ ಪ್ರವೇಶ ಕೊಡುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್. ಅದಕ್ಕೂ ಎಕ್ಸ್‌ಝೆಡ್‌ಗೂ ನೇರ ನೆಂಟಸ್ತನ ಇಲ್ಲ. ಆದರೆ ಡೆಬಿಯನ್ ಮುಂತಾದವರು ತಮ್ಮ ಅನುಕೂಲಕ್ಕೆ ಅದನ್ನು ಲಿಬ್‌ಸಿಸ್ಟಂಡಿ ಎಂಬುದಕ್ಕೆ ಜೋಡಿಸಿದ್ದರು. ಅದು ಎಕ್ಸ್‌ಝೆಡ್‌ನ ಲಿಬ್‌ಎಲ್‌ಝೆಡ್‌ಎಂಎಯನ್ನು ಹಿಡಿದುಕೊಂಡಿತ್ತು. ಬೀಗರ ಬೀಗರ ಮೂಲಕ ಕಳ್ಳ ಮದುವೆ ಮನೆಗೆ ಬಂದ. ಆಂಡ್ರೆಸ್ ಫ್ರೆಯುಂಡ್ ಎಂಬ ತಂತ್ರಜ್ಞರು, ಒಳಗೆ ಹೋಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹೋಗಿ, ಮಾರ್ಚ್ 29ರಂದು ಎಲ್ಲವನ್ನೂ ಬಯಲು ಮಾಡಿದರು. ಕಳ್ಳಬಾಗಿಲಿದ್ದ ಆವೃತ್ತಿ ಡೆಬಿಯನ್ನಿನ ಪರೀಕ್ಷಾರ್ಥ ಸಂಗ್ರಹದವರೆಗೆ ಬಂದಿತ್ತು. ಜನಸಾಮಾನ್ಯರು ಬಳಸುವ ಸ್ಥಿರ ಆವೃತ್ತಿಗೆ ಇನ್ನೂ ಇಳಿದಿರಲಿಲ್ಲ. ಅರ್ಧ ಸೆಕೆಂಡಿನಲ್ಲಿ ಲೋಕ ಬಚಾವಾಯಿತು.

ಸಾಧನಗಳು ಇಲ್ಲಿ ಸುಳ್ಳು ಹೇಳಿದವೇ? ಇಲ್ಲ. ಕೇಳಿದ್ದರೆ ಆ ಮೂರು ಎಳೆಯನ್ನೂ ಸರಿಯಾಗಿಯೇ ತೋರಿಸುತ್ತಿದ್ದವು. ಅವು ತೋರಿಸದೆ ಹೋದದ್ದು, ತುದಿಯಲ್ಲಿ ಒಬ್ಬ ಮನುಷ್ಯ ಒಂಟಿಯಾಗಿ ದಣಿದು ಕೂತಿದ್ದಾನೆ ಎಂಬುದನ್ನು. ಕಳ್ಳ ಮಾತ್ರ ಅದನ್ನು ಸರಿಯಾಗಿ ನೋಡಿದ. ಅವನು ತಂತ್ರಾಂಶದ ತೂತು ಹುಡುಕಲಿಲ್ಲ, ದಣಿವನ್ನು ಹುಡುಕಿದ. ಒತ್ತಡದ ಪತ್ರಗಳು ಅವನ ದಾರಿ ಸುಗಮ ಮಾಡಿದವು. ಆ ಪತ್ರ ಬರೆದ ಹೆಸರುಗಳೂ ಅದೇ ಸಂಚಿನ ಭಾಗವಾಗಿದ್ದವೆಂದು ಪರಿಶೀಲಿಸಿದ ಹಲವರು ನಂಬುತ್ತಾರೆ.

ಇದನ್ನು ಓದಿ ತಿಳಿದ ದಿನ ನನ್ನ ಮಗಳಿಗೆ ಬಂದ ಬೈಗುಳದ ಪತ್ರ ನೆನಪಾಯಿತು. ಅದನ್ನು ಬರೆದವನು ಕಳ್ಳನಲ್ಲದಿರಬಹುದು, ಬರೀ ಒರಟ ಇರಬಹುದು. ಆದರೆ ಒರಟರು ದಿನವೂ ಬೈದು ಬೈದು ನೆಲ ಹದ ಮಾಡಿದ್ದರಿಂದಲೇ ಕಳ್ಳನ ಬೀಜ ಮೊಳೆಯಿತು. ಈ ಕಾರಣಕ್ಕೆ ಹೇಳುತ್ತೇನೆ, ಪುಕ್ಕಟೆ ಉಂಡು ಬಡಿಸಿದವರನ್ನು ಬೈಯುವುದು ಬರೀ ನಡತೆಯ ದೋಷವಲ್ಲ, ಊರಿಗೆ ಅಪಾಯ.

*

ಇತ್ತೀಚೆಗೆ ಎಲ್ಲ ಕಡೆ ಪಟ್ಟಿಯ ಭರಾಟೆ. ತಂತ್ರಾಂಶದಲ್ಲಿ ಏನೇನು ಸೇರಿದೆ ಎಂಬ ಸಾಮಗ್ರಿ ಪಟ್ಟಿ ಕೊಡಬೇಕೆಂಬ ವಿಚಾರಕ್ಕೆ 2021ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರ ಆದೇಶ ಬಲ ಕೊಟ್ಟಿತು. 2024ರಲ್ಲಿ ನಮ್ಮ ದೇಶದ ಸರ್ಟ್-ಇನ್ ಸಂಸ್ಥೆಯೂ ಅಂಥ ಪಟ್ಟಿಗೆ ಮಾರ್ಗಸೂಚಿ ಹೊರಡಿಸಿತು. ಬೇಡವೆನ್ನುವುದಿಲ್ಲ, ಪಟ್ಟಿ ಇರಲಿ. ಆದರೆ ಆ ಪಟ್ಟಿ ಯಾಕೆ ಮಾಡುತ್ತಾರೆ? ನಮ್ಮ ಕಟ್ಟಡದಲ್ಲಿ ಯಾವ ಇಟ್ಟಿಗೆ ಕೆಟ್ಟಿದೆ ಎಂದು ತಿಳಿದು ತಾವು ಬಚಾವಾಗುವುದಕ್ಕೆ. ಇಟ್ಟಿಗೆ ಸುಟ್ಟವರು ಯಾರು, ಅವರಿಗೆ ಕೂಲಿ ಮುಟ್ಟಿತೇ ಎಂದು ಕೇಳುವುದಕ್ಕಲ್ಲ. ಭಯದಿಂದ ಮಾಡಿದ ಪಟ್ಟಿಗೂ ಋಣದಿಂದ ಮಾಡಿದ ಪಟ್ಟಿಗೂ ವ್ಯತ್ಯಾಸವಿದೆ.

ನ್ಯಾಯವಾಗಿ ಹೇಳಬೇಕೆಂದರೆ ಡೆಬಿಯನ್ನಿನ ಸ್ವಯಂಸೇವಕರು ಈ ಎರಡನೆಯ ಪಟ್ಟಿಯನ್ನೂ ಮಾಡಿದ್ದಾರೆ. ನೋಡಿಕೊಳ್ಳುವವರು ಕೈಬಿಟ್ಟ ಪ್ಯಾಕೇಜಿಗೆ ಅವರು ‘ಅನಾಥ’ ಎಂದೇ ಹೆಸರಿಟ್ಟಿದ್ದಾರೆ. ‘ದತ್ತು ತೆಗೆದುಕೊಳ್ಳುವವರು ಬೇಕು’ ಎಂಬ ಇನ್ನೊಂದು ವಿಭಾಗವಿದೆ, ‘ಸಹಾಯ ಬೇಕು’ ಎಂಬುದು ಮತ್ತೊಂದು. ಬಹಳ ದಿನ ಸುದ್ದಿಯಿಲ್ಲದ ಸ್ವಯಂಸೇವಕರು ಏನಾದರು ಎಂದು ವಿಚಾರಿಸಲು ಒಂದು ತಂಡವೇ ಇದೆ. ಅದೂ ಸಾಲದೆ ‘ಹೌ ಕ್ಯಾನ್ ಐ ಹೆಲ್ಪ್’, ನಾನು ಹೇಗೆ ನೆರವಾಗಲಿ, ಎಂಬ ಹೆಸರಿನ ಒಂದು ಪುಟ್ಟ ಸಾಧನ ಮಾಡಿದ್ದಾರೆ. ನಿಮ್ಮ ಯಂತ್ರದಲ್ಲಿ ಇರುವ ಡಬ್ಬಗಳಲ್ಲಿ ಯಾವುದು ಅನಾಥವಾಗಿದೆ, ಯಾವುದಕ್ಕೆ ಕೈ ಬೇಕಾಗಿದೆ ಎಂದು ಅದು ಹೇಳುತ್ತದೆ. ಆದರೆ ಅದು ತಾನಾಗಿ ಬರುವುದಿಲ್ಲ, ಬೇಕೆಂದವರು ಕೇಳಿ ಹಾಕಿಕೊಳ್ಳಬೇಕು.

ಕೆಲವು ವರ್ಷದ ಹಿಂದೆ ನಮ್ಮ ಶಾಲೆಗೆ ಯಾರೋ ದಾನ ಕೊಟ್ಟ ಹಳೆಯ ಗಣಕಗಳಿಗೆ ಮಗಳೇ ರಜೆಯಲ್ಲಿ ಬಂದು ಡೆಬಿಯನ್ ಹಾಕಿಕೊಟ್ಟಿದ್ದಳು. ನನ್ನ ಕನ್ನಡ ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲಿಯೇ ಸಿದ್ಧವಾಗುವುದು. ಗುಬ್ಬಿ, ನವಿಲು ಎಂಬ ಚಂದದ ಹೆಸರಿನ ಕನ್ನಡ ಅಕ್ಷರವಿನ್ಯಾಸಗಳು ಅದರೊಳಗಿವೆ. ಕಕಾರಕ್ಕೆ ಷಕಾರದ ಒತ್ತು ಕೊಟ್ಟರೆ ಅದು ಕ್ಷ ಆಗಿ ಪರದೆಯ ಮೇಲೆ ಮೂಡಬೇಕಲ್ಲ, ಆ ಕೂಡಿಸುವ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ. ಅದರ ಹೆಸರು ಪರ್ಷಿಯನ್ ಭಾಷೆಯದು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್. ಆಂಡ್ರಾಯ್ಡ್ ಫೋನಿನಲ್ಲಿ ನೀವು ಓದುವ ಕನ್ನಡದ ಒತ್ತಕ್ಷರವನ್ನು ಕೂಡಿಸುವುದೂ ಅದೇ. ಮೂವತ್ತು ವರ್ಷ ಒತ್ತಕ್ಷರ ಕಲಿಸಿದ ನಾನು, ಪರದೆಯ ಮೇಲೆ ಅದು ಹೇಗೆ ಕೂಡುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಹಬ್ಬದ ರಜೆ ಮುಗಿಯುವ ಮುನ್ನ ಮಗಳನ್ನು ಶಾಲೆಗೆ ಕರೆದುಕೊಂಡು ಹೋಗಿ, ‘ಆ ನೆರವಿನ ಸಾಧನ ಇಲ್ಲೂ ಹಾಕು’ ಅಂದೆ. ಹಾಕಿದಳು. ನಮ್ಮದೇ ಯಂತ್ರದಲ್ಲಿ ದಿನವೂ ಕೆಲಸ ಮಾಡುತ್ತಿದ್ದ ಡಬ್ಬಗಳಲ್ಲಿ ಕೆಲವು ಅನಾಥ ಎಂದು ಹೆಸರು ಬಂದವು. ಸರಿಯಾಗಿ ನಡೆಯುತ್ತಿವೆ, ನೋಡುವವರು ಇಲ್ಲ. ಜ್ವರದಲ್ಲಿ ಬಂದು ಬೇಯಿಸಿ ಹೋದ ಅಡುಗೆಯಮ್ಮನ ನಾಲ್ಕು ದಿನ ಕಣ್ಣ ಮುಂದೆ ಬಂತು.

*

ನಾನು ಈ ಮಾತು ಎತ್ತಿದಾಗಲೆಲ್ಲ ಮೂರು ಉತ್ತರ ಬರುತ್ತವೆ.

‘ಅವರು ಇಷ್ಟಪಟ್ಟು ಮಾಡ್ತಾರೆ, ಯಾರೂ ಬಲವಂತ ಮಾಡಿಲ್ಲ.’ ಸೋದರಿಯರೇ, ಈ ವಾಕ್ಯವನ್ನು ನಾವು ಎಲ್ಲೋ ಕೇಳಿದ್ದೇವಲ್ಲವೇ? ಅಮ್ಮನಿಗೆ ಅಡುಗೆ ಮಾಡುವುದೆಂದರೆ ಇಷ್ಟ. ಅಂಗನವಾಡಿಯವರಿಗೆ ಮಕ್ಕಳೆಂದರೆ ಇಷ್ಟ. ಇಷ್ಟ ಎಂಬುದು ಕೆಲಸ ಶುರುಮಾಡುವುದಕ್ಕೆ ಕಾರಣ. ಕೂಲಿ ಕೊಡದಿರುವುದಕ್ಕೆ ಕಾರಣವಲ್ಲ. ಇಷ್ಟ ಇರುವವರೇ ಮೊದಲು ಸುಸ್ತಾಗುವುದು, ಏಕೆಂದರೆ ಸಾಕು ಎನ್ನುವುದು ಅವರಿಗೆ ಗೊತ್ತಿಲ್ಲ.

‘ಪುಕ್ಕಟೆ ಬಳಸಿ ಅಂತ ಅವರೇ ಪರವಾನಗಿ ಕೊಟ್ಟಿದ್ದಾರಲ್ಲ.’ ಕೊಟ್ಟಿದ್ದಾರೆ, ನಿಜ. ಬಳಸುವುದಕ್ಕೆ ಕೊಟ್ಟಿದ್ದಾರೆ, ಬೈಯುವುದಕ್ಕಲ್ಲ. ಆ ಪರವಾನಗಿಗಳಲ್ಲಿಯೇ ಇದಕ್ಕೆ ಯಾವ ಖಾತರಿಯೂ ಇಲ್ಲ ಎಂದೂ ಬರೆದಿರುತ್ತದೆ. ಧರ್ಮಛತ್ರದಲ್ಲಿ ಉಂಡವರು ದುಡ್ಡು ಕೊಡಬೇಕಿಲ್ಲ, ಆದರೆ ವರ್ಷವಿಡೀ ಅಲ್ಲೇ ಉಂಡು ಮೂರಂತಸ್ತು ಕಟ್ಟಿದವರು ಛತ್ರಕ್ಕೆ ಒಂದು ಮೂಟೆ ಅಕ್ಕಿ ಹಾಕಬಾರದೇ?

‘ಯಂತ್ರಗಳೇ ಎಲ್ಲ ನೋಡಿಕೊಳ್ಳುವ ಕಾಲ ಬಂತು, ಮನುಷ್ಯರು ಯಾಕೆ?’ ಬರಲಿ, ನೋಡೋಣ. ಯಾವ ಎಳೆ ತುಂಡಾಗಿದೆ ಎಂದು ಯಂತ್ರ ಹೇಳೀತು. ಈ ಬದಲಾವಣೆ ಬೇಕೋ ಬೇಡವೋ, ಈ ಹೊಸ ಸಹಾಯಕನನ್ನು ನಂಬಬಹುದೋ ಇಲ್ಲವೋ, ಹಳೆಯ ಯಂತ್ರ ಇಟ್ಟುಕೊಂಡ ಬಡ ಶಾಲೆಗೆ ತೊಂದರೆಯಾದೀತೋ ಎಂದು ತೂಗಿ ನೋಡಿ ಹೊಣೆ ಹೊರುವುದಕ್ಕೆ ಚೀಟಿಯ ಮೇಲೆ ಒಬ್ಬರ ಹೆಸರು ಬೇಕೇ ಬೇಕು.

ಮಾಡುವ ಮನಸ್ಸಿದ್ದರೆ ದಾರಿ ಇಲ್ಲದೆ ಇಲ್ಲ. ಜರ್ಮನಿಯ ಸರ್ಕಾರ 2022ರಲ್ಲಿ ಇಂಥ ಬುನಾದಿಯ ತಂತ್ರಾಂಶಗಳನ್ನು ನೋಡಿಕೊಳ್ಳುವವರಿಗೆ ಹಣ ಕೊಡಲೆಂದೇ ಒಂದು ನಿಧಿ ಸ್ಥಾಪಿಸಿತು. ನಮ್ಮ ಬೆಂಗಳೂರಿನ ಜೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ, ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಕೊಡುವ ನಿಧಿಯನ್ನು ಪ್ರಕಟಿಸಿತು. ಒಬ್ಬರು ಮಾಡಬಹುದಾದರೆ, ಅದೇ ಡಬ್ಬಗಳ ಮೇಲೆ ನಿಂತ ಬೆಂಗಳೂರಿನ ಉಳಿದ ಗಾಜಿನ ಕಟ್ಟಡಗಳಿಗೇನು ಕಷ್ಟ?

ನಾನು ಕೇಳುವುದು ಹೆಚ್ಚೇನಲ್ಲ. ಸಾಮಗ್ರಿ ಪಟ್ಟಿ ಮಾಡುವ ಕಂಪನಿ ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಗೆರೆ ಎಳೆಯಲಿ: ನೋಡಿಕೊಳ್ಳುವವರು ಎಷ್ಟು ಜನ, ನಾವು ಅವರಿಗೆ ಈ ವರ್ಷ ಏನು ಕೊಟ್ಟೆವು. ಖಾಲಿ ಇದ್ದರೆ ಖಾಲಿ ಎಂದೇ ಬರೆಯಲಿ, ನಾಚಿಕೆಯಾದರೂ ಆಗಲಿ. ತನ್ನ ನೌಕರರು ಇಂಥ ಕೆಲಸ ಮಾಡುತ್ತಿದ್ದರೆ ಅದಕ್ಕೆ ಹಬ್ಬದ ರಾತ್ರಿಯನ್ನಲ್ಲ, ಕಚೇರಿಯ ಹೊತ್ತನ್ನೇ ಕೊಡಲಿ. ಮುಕ್ತ ತಂತ್ರಾಂಶದಿಂದ ಇಷ್ಟು ಹಣ ಉಳಿಸಿದೆವು ಎಂದು ಹೇಳಿಕೊಳ್ಳುವ ಕಚೇರಿಗಳು, ಕಾಲೇಜುಗಳು ಉಳಿಸಿದ್ದರಲ್ಲಿ ಒಂದು ಪಾಲನ್ನು ವಾಪಸು ಹಾಕಲಿ. ದುಡ್ಡಿಲ್ಲದ ನಮ್ಮಂಥವರು ತಪ್ಪು ಕಂಡರೆ ಮರ್ಯಾದೆಯಿಂದ ತಿಳಿಸೋಣ. ಕನ್ನಡಕ್ಕೆ ಅನುವಾದ ಬೇಕಾದಲ್ಲಿ ನಾಲ್ಕು ಸಾಲು ಮಾಡಿಕೊಡೋಣ. ನಿವೃತ್ತಿಯ ಹೊಸ್ತಿಲಲ್ಲಿರುವ ಕನ್ನಡ ಟೀಚರು ಅಷ್ಟೂ ಮಾಡಲಾರಳೇ?

ಈಗ ನನ್ನ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ‘ನೀನು ಬಿಟ್ರೆ ಲೋಕ ಮುಳುಗಿ ಹೋಗಲ್ಲ’ ಅಂದದ್ದು ತಪ್ಪು. ಹಾಗೆಂದು ‘ಬಿಡಬೇಡ’ ಎಂದೂ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ನಾನೂ ಗೌರವಧನದ ಪಂಗಡಕ್ಕೆ ಸೇರಿಬಿಡುತ್ತೇನೆ. ಹಿಡಿಯುವುದೂ ಬಿಡುವುದೂ ಅವಳ ಇಷ್ಟ. ಅವಳು ತನ್ನ ಪ್ಯಾಕೇಜುಗಳಲ್ಲಿ ಒಂದನ್ನು ‘ಸಹಾಯ ಬೇಕು’ ಎಂಬ ವಿಭಾಗಕ್ಕೆ ಹಾಕಿದಳು. ಮೂರು ವಾರ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಒಬ್ಬರು ಬಂದರು. ಬೈದ ಕಂಪನಿಯವರಲ್ಲ; ಅವರಿಂದ ಮತ್ತೆ ಸುದ್ದಿಯೇ ಇಲ್ಲ, ಅಂದರೆ ಅವರ ಕೆಲಸ ಸುಸೂತ್ರ ನಡೆಯುತ್ತಿದೆ ಎಂದರ್ಥ. ಬಂದವರು ಬೇರೆ ಯಾವುದೋ ದೇಶದಲ್ಲಿ ತಾವೂ ಸಂಬಳವಿಲ್ಲದೆ ಇದೇ ಕೆಲಸ ಮಾಡುವ ಇನ್ನೊಬ್ಬರು. ಈಗ ಮಗಳು ಬಂದವರನ್ನು ಪರೀಕ್ಷಿಸದೆ ಕೀಲಿ ಕೊಡುವುದಿಲ್ಲ. ದಣಿವು ಕೂಡ ಅನುಮಾನ ಕಲಿಯಬೇಕಾದ ಕಾಲ ಬಂತಲ್ಲ ಎಂದು ನನಗೆ ಬೇಸರ.

ಬಿಸಿಯೂಟದ ಲೆಕ್ಕ ಈಗ ಬೇರೆಯವರ ಕೈಯಲ್ಲಿದೆ. ಪುಸ್ತಕ ಒಪ್ಪಿಸುವ ದಿನ ನಾನು ಕೊನೆಯ ಪುಟದ ಅಂಚಿನಲ್ಲಿ ಸ್ಕೇಲು ಹಿಡಿದು ಒಂದು ಗೆರೆ ಎಳೆದು, ಮೇಲೆ ‘ಅಡುಗೆಯವರ ಆರೋಗ್ಯ’ ಎಂದು ತಲೆಬರಹ ಬರೆದೆ. ಇದು ನಮೂನೆಯಲ್ಲಿ ಇಲ್ಲ ಎಂದು ಆಕ್ಷೇಪಣೆ ಬಂದಿದೆ. ಉತ್ತರ ಬರೆಯಬೇಕು.